ಡಿಫರೆನ್ಸ್ ಉಂಟು

ಶಾಲೆಯಲ್ಲಿ ಆ ಶಬ್ದಕ್ಕೆ ಅರ್ಥ ಬರೆಸಿದ್ದರು:
ವ್ಯತ್ಯಾಸ, ಅಂತರ, ಭೇದ.
ಅಲ್ಪವಿರಾಮ ಸಮೇತ ಉರುಹೊಡೆದು
ಮೂರಕ್ಕೆ ಮೂರು ಅಂಕ ತೆಗೆದವಳು ನಾನು.

ಬಂದರು ಬ್ರಾಂಚಿಗೆ ಬಂದ ಮೇಲೆ ಗೊತ್ತಾಯಿತು
ಅದು ಶಬ್ದವಲ್ಲ, ಒಂದು ಕಾಯಿಲೆ.
ಸಂಜೆ ಐದೂವರೆಗೆ ಅಕೌಂಟೆಂಟ್ ಉಪೇಂದ್ರ ಕಾಮತರು
ಕನ್ನಡಕ ಹಣೆಗೇರಿಸಿ, ಸೂತಕದ ಮನೆಯ ದನಿಯಲ್ಲಿ
‘ಡಿಫರೆನ್ಸ್ ಉಂಟು’ ಅಂದರೆ
ಟಿಫಿನ್ ಡಬ್ಬಿ ಎತ್ತಿಕೊಂಡವರು ಮತ್ತೆ ಇಡಬೇಕು.
ಎಷ್ಟು ಅಂತ ಕೇಳಬೇಕು. ಯಾರದ್ದು ಅಂತ ಕೇಳಬಾರದು.

ಎಂಬತ್ತೊಂದನೇ ಇಸವಿ, ದಶಂಬರ ಮೂವತ್ತೊಂದು.
ವರ್ಷದ ಲೆಕ್ಕ ಮುಗಿಯಬೇಕಾದ ರಾತ್ರಿ
ಇಪ್ಪತ್ತೇಳು ರೂಪಾಯಿ.
ಕ್ಯಾಶಿನ ಲಸ್ರಾದೊ ಗಡಿಯಾರ ನೋಡಿ
‘ಪೂಜೆಗೆ ಹೋಗ್ಲಿಕ್ಕುಂಟು ಮಾರಾಯ್ರೆ,
ನಾನೇ ಕೊಡ್ತೇನೆ ಕಿಸೆಯಿಂದ’ ಅಂದರು.
ಕಾಮತರು ತಲೆ ಎತ್ತಲಿಲ್ಲ:
‘ಕಡಿಮೆಯಾದದ್ದಲ್ಲ, ಹೆಚ್ಚಾದದ್ದು.
ಹೆಚ್ಚಾದದ್ದನ್ನು ಯಾರ ಕಿಸೆಗೆ ಹಾಕುವುದು?’

ತಾಳೆ ಆಗಬೇಕು. ತಾಳೆ ಆಗುವುದಿಲ್ಲ.
ಕಿಟಕಿಯಾಚೆ, ಹೊಳೆ ದಾಟಿ, ಬೆಂಗ್ರೆಯ ಕಡೆ
ಕತ್ತಲಲ್ಲಿ ಒಂಟಿ ನಿಂತದ್ದೂ ತಾಳೆಯೇ,
ಯಾವುದಕ್ಕೂ ಸರಿಹೊಂದಬೇಕಿಲ್ಲದ ಮರ.

‘ಒಂಬತ್ತರಿಂದ ಭಾಗಿಸಿ ನೋಡು’ ಅಂದರು ಕಾಮತರು.
ಶೇಷ ಉಳಿಯದಿದ್ದರೆ
ಎಲ್ಲೋ ಎರಡು ಅಂಕಿ ಜಾಗ ಅದಲುಬದಲು ಮಾಡಿಕೊಂಡಿವೆ.
ಉಳಿಯಲಿಲ್ಲ. ಮೂರು ಬಂತು.
ಒಂದಕ್ಕೊಂದು ಮೂರು ದೂರ ಇರುವ ಜೋಡಿಗಳನ್ನು
ಹುಡುಕುತ್ತ ಕೂತೆವು,
ಏಳು-ನಾಲ್ಕು, ಎಂಟು-ಐದು, ಒಂಬತ್ತು-ಆರು,
ಸಂಬಂಧ ಕುದುರಿಸುವ ದಲ್ಲಾಳಿಗಳ ಹಾಗೆ.
ಅಟೆಂಡರ್ ಮೋನಪ್ಪ ತಂದ ಗೋಳಿಬಜೆಯ ಎಣ್ಣೆ
ಯಾರೋ ಶೆಟ್ಟರ ಸಾಲದ ಪುಟಕ್ಕೆ ತಾಗಿತು.

ಸಿಕ್ಕಿದ್ದು ಹನ್ನೊಂದು ಮುಕ್ಕಾಲಿಗೆ.
ಮೀನಿನ ಬಾಗಿ ಮೆಂಡನ್, ಉಳಿತಾಯ ಖಾತೆ.
ಕ್ಯಾಶಿನಲ್ಲಿ ಅರವತ್ತಮೂರು. ಲೆಡ್ಜರಿನಲ್ಲಿ ಮೂವತ್ತಾರು.
ಕೈಬರಹ ನನ್ನದು.

ಅವಳು ಕೌಂಟರಿನಲ್ಲಿ ಹೇಳಿದ್ದು ತುಳುವಿನಲ್ಲಿ: ಅಜಿಪತ್ತಮೂಜಿ.
ಅರವತ್ತು ಮೊದಲು, ಮೂರು ಆಮೇಲೆ; ಕನ್ನಡವೂ ಹಾಗೆಯೇ.
ಆದರೆ ನನ್ನೊಳಗೆ ಎಣಿಸುವವಳು ಇನ್ನೂ
ಅಮ್ಮನ ಅಡುಗೆಮನೆಯ ಕೊಂಕಣಿಯಲ್ಲೇ ಎಣಿಸುತ್ತಾಳೆ,
ಅಲ್ಲಿ ಮೂರು ಮೊದಲು ಬರುತ್ತದೆ,
ಅರವತ್ತು ಅದರ ಸೆರಗು ಹಿಡಿದು ಹಿಂದಿನಿಂದ.
ಕೇಳಿದ್ದು ಒಂದು ಭಾಷೆ, ಎಣಿಸಿದ್ದು ಇನ್ನೊಂದು,
ಬರೆದದ್ದು ಇಂಗ್ಲಿಷ್ ಅಂಕಿ.
ಇಪ್ಪತ್ತೇಳು ರೂಪಾಯಿ ಬಿದ್ದದ್ದು ಈ ಮೂರರ ಸಂದಿನಲ್ಲಿ.
ವಿವರಣೆಯ ಕಾಲಮ್ಮಿನಲ್ಲಿ ಅಷ್ಟು ಜಾಗ ಇರಲಿಲ್ಲ.
‘ಕ್ಲರಿಕಲ್ ಎರರ್’ ಅಂತ ಬರೆದೆ.
ಕಾಮತರೂ ಕೊಂಕಣಿಯವರೇ. ಗೊತ್ತಾಗಿರಬೇಕು,
ಏನೂ ಹೇಳಲಿಲ್ಲ.

ಕೆಂಪು ಶಾಯಿಯಲ್ಲಿ, ಡಿಫರೆನ್ಸ್ ಎಂಬ ಶಬ್ದದ ಕೆಳಗೆ
‘ನಿಲ್’ ಎಂದು ಬರೆದು ಗೆರೆ ಎಳೆದರು.
ಇಂಗ್ಲಿಷಿನಲ್ಲಿ ಸೊನ್ನೆ. ಹಳಗನ್ನಡದಲ್ಲಿ ‘ನಿಲ್ಲು’.
ಇಗರ್ಜಿಯ ಗಂಟೆ ಹೊಡೆಯಿತು,
ಲಸ್ರಾದೊ ನಿಲ್ಲಲಿಲ್ಲ.

ಎರಡನೇ ತಾರೀಖು ಬಾಗಿ ಬಂದಾಗ
ಪಾಸ್‌ಬುಕ್ ತಿದ್ದಿ ಕೊಟ್ಟೆ, ತಪ್ಪಾಯಿತು ಅಂದೆ,
ನಿನ್ನಿಂದಾಗಿ ರಾತ್ರಿಯೆಲ್ಲ ಡಿಫರೆನ್ಸ್ ಅಂತ ನಗಾಡಿದೆ.
ಹಾಗೆಂದರೆ ಎಂತ ಅಂತ ಕೇಳಿದಳು.
ಕೊಟ್ಟದ್ದಕ್ಕೂ ಬರೆದದ್ದಕ್ಕೂ ನಡುವಿನ ಸಂದು.
ಅದು ಸೊನ್ನೆ ಆಗದೆ ನಮಗೆ ಮನೆಗೆ ಹೋಗಲಿಕ್ಕಿಲ್ಲ.

ಬುಟ್ಟಿಯ ನೀರು ಅವಳ ಮೊಣಕೈಯಿಂದ
ನಮ್ಮ ಮೊಸಾಯಿಕ್ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
‘ದಕ್ಕೆಯಲ್ಲಿ ಬೆಳಿಗ್ಗೆ ಕೊಟ್ಟದ್ದು ಎಷ್ಟು,
ಮಧ್ಯಾಹ್ನಕ್ಕೆ ಮಾರಿ ಬಂದದ್ದು ಎಷ್ಟು,
ಆ ಸಂದಿನಲ್ಲೇ ಅಲ್ವಾ ಅಕ್ಕಾ ನನ್ನ ಮಕ್ಕಳು ಉಣ್ಣುವುದು.
ಅದು ಸೊನ್ನೆ ಆದ ದಿವಸ
ನಾನೂ ಮನೆಗೆ ಹೋಗುವುದು ತಡವೇ.’

ನೋಟುಗಳನ್ನು ಕೌಂಟರಿನ ಮೇಲಿಟ್ಟಳು.
ಒದ್ದೆ. ಬಂಗುಡೆಯ ವಾಸನೆ.
ಎಷ್ಟು, ಅಂದೆ.
ಅವಳು ಹೇಳಿದ ಹಾಗೆಯೇ, ಅವಳ ಹಿಂದೆಯೇ,
ಬಾಯಿಬಿಟ್ಟು ಹೇಳಿಕೊಂಡು ಬರೆದೆ:
ನಲ್ಪತ್ತೊಂಜಿ.
ನಾಲ್ಕು. ಆಮೇಲೆ ಒಂದು.