ಐದು ತಿಂಗಳಿಗೊಂದು ಖೋಲಿ

ಹನ್ನೊಂದು ತಿಂಗಳಿಗೆ ಬರದು ಬರದು ರೂಢಿ ಆದ ಕೈ ನಂದು.
ಕರಾರುಪತ್ರದಾಗ ಅಷ್ಟ ಅಚ್ಚಾಗಿರತೈತಿ.
ಐದು ಅಂದರ ಮಾಲಕರು ಮಾರಿ ನೋಡತಾರ:
ಬೀಗರ ಲೆಕ್ಕಕ್ಕ ಹೆಚ್ಚಾತು, ಬಾಡಿಗಿಯವರ ಲೆಕ್ಕಕ್ಕ ಕಮ್ಮಿ.

ಆಕಿ ಇಥಿಯೋಪಿಯಾದಾಕಿ,
ಕೃಷಿ ವಿಶ್ವವಿದ್ಯಾಲಯದ ಒಂದು ಚೀಟಿ ಹಿಡಕೊಂಡು ಬಂದಾಕಿ.
ಹೆಸರು ಅಲ್ಮಾಜ್.
ಸವಣೂರಾಗ ನಮ್ಮ ಸೋದರತ್ತಿ ಅದಾಳ, ಅಲ್ಮಾಸ ಅಂತ, ಅಂದೆ.
ಇಬ್ಬರ ಹೆಸರಿಗೂ ವಜ್ರ ಅಂತನ ಅರ್ಥ.
ನಕ್ಕಳು. ಅಲ್ಲಿಗೆ ನನ್ನ ಕಮಿಷನ್ ಅರ್ಧ ಹೋತು.

ಸ್ಕೂಟಿ ಹಿಂದ ಕುಂತಳು, ತೊಡಿ ಮ್ಯಾಲೊಂದು ಸ್ಟೀಲಿನ ಡಬ್ಬಿ.
ಮಾಳಮಡ್ಡಿಯೊಳಗ, "ನಿನ್ನೇನ ಹೋತರಿ" ಅಂದರು.
ನಿನ್ನೆ ಸಂಜಿಕೆ ನಾನ ಕೀಲಿ ತಗದು ನೋಡೇನಿ,
ಗ್ವಾಡಿ ಸುಣ್ಣ ಕೈಗೆ ಹತ್ತಿತ್ತು.
ಸಪ್ತಾಪುರದಾಗ ಅಡಗಿ ಏನು ಮಾಡತಾಳ ಅಂತ ಕೇಳಿದರು.
ಕೆಲಗೇರಿಯಾಗೊಬ್ಬಾಂವ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ.
ಇರೂದ ಐದು ತಿಂಗಳಲ್ಲೋ ಮಾರಾಯ ಅಂದರ,
"ಅದಕ್ಕನ" ಅಂದ.

ನನಗೇನು ಇದು ಹೊಸಾದಲ್ಲ.
ಮಂದಿ ಮನಿ ಕೀಲಿ ಗೊಂಚಲಗಟ್ಟಲೆ ಕಿಸೆದಾಗ,
ಏಳು ವರ್ಷದಾಗ ಮೂರು ಮನಿ ಬದಲಿ ಮಾಡೇನಿ.
ನಮ್ಮಜ್ಜ ಗಾದಿ ಪಿಂಜಾಕ ಓಣಿ ಓಣಿ ತಿರಗತಿದ್ದ;
ಅವನ ಅಳ್ಳಿ ಒಳಗ ಹೋಗತಿತ್ತು, ಗಾದಿಯೊಳಗ,
ಅಂವ ಕಟ್ಟಿ ಮ್ಯಾಲ ಕುಂತು ಚಾ ಕುಡೀತಿದ್ದ.

ಆಕಿ ಏನೂ ಅನ್ನಲಿಲ್ಲ. ಡಬ್ಬಿ ಮುಚ್ಚಳ ಒತ್ತಿ ಒತ್ತಿ ನೋಡತಿದ್ದಳು.
ಟೋಲನಾಕಾದಾಗ ಚಿಗರಿ ಬಸ್ ದಾಟೂತನಕ ನಿಂತಾಗ
ಹರಕು ಇಂಗ್ಲಿಷಿನಾಗ ಕೇಳಿದೆ, ಏನೈತಿ ಅದರಾಗ?
ತಗದು ತೋರಿಸಿದಳು.
ಜ್ವಾಳ.
ಕೆಂಪಂದು, ಸಣ್ಣದು, ಆಕಿ ಅಜ್ಜಿ ಹೊಲದ್ದು.
ನಿಮ್ಮ ಕಡೆನೂ ಜ್ವಾಳ ಬೆಳೀತಾರೇನು ಅಂದೆ, ಭಾಳ ಶಾಣ್ಯಾನಂಗ.
ನಮ್ಮ ಕಡೆಯಿಂದನ ಅದು ಇಲ್ಲಿಗೆ ಬಂದದ್ದು ಅಂದಳು,
ಸಾವಿರಾರು ವರ್ಷದ ಹಿಂದ.
ಹಡಗದಾಗೋ ಯಾರ ಉಡಿಯಾಗೋ ಆಕಿಗೂ ಗೊತ್ತಿಲ್ಲ.
ಸಿಗ್ನಲ್ ಹಸರಾತು. ನಾ ಗಾಡಿ ಬಿಡಲಿಲ್ಲ.
ಹಿಂದಿನ ಆಟೋದಾಂವ ನಮ್ಮವ್ವನ್ನ ನೆನಸಿದ.

ಕಮಲಾಪುರ. ಚನ್ನಬಸವ್ವ ಯಲಿಗಾರ.
ಎಮ್ಮಿ ಮಾರಿದ ಮ್ಯಾಲ ಖಾಲಿ ಬಿದ್ದ ಖೋಲಿ.
ನೆಲದ ನಡಕ ಗುಂಡನ್ನ ಪರಸಿ ಕಲ್ಲು, ಹಗೇವಿನ ಬಾಯಿ;
ಕೆಳಗ ಒಬ್ಬ ಮನಿಶ್ಯಾ ಇಳಿದು ನಿಂದ್ರೂವಷ್ಟು ಆಳ,
ನಲವತ್ತು ವರ್ಷದಿಂದ ಯಾರೂ ತಗದಿಲ್ಲ.
ಇನ್ನ ಜಾತಿ ಕೇಳತಾಳ ಅಂತ ನಾ ಹಲ್ಲು ಕಚ್ಚಿ ನಿಂತೆ.
ಮುದುಕಿ ಡಬ್ಬಿಗೆ ಕೈ ಹಾಕಿ ಒಂದು ಕಾಳು ಕಡದಳು,
ಸಂತ್ಯಾಗ ಕಡದಂಗ, ಮುಂದಿನ ಹಲ್ಲೀಲೆ.
"ಬಿರಸೈತಿ. ರೊಟ್ಟಿ ಬಡದರ ಅಂಚು ಒಡೀತೈತಿ.
ಬಾಡಿಗಿ ಎಷ್ಟು ಕೊಡತಾಳ?"
ನಾಕು ಸಾವಿರ.
"ಕಮ್ಮಿ ಆತು" ಅಂತ ಅಂದಕೋತನ
ಖಾಟು ಎಳದಳು, ಕಲ್ಲು ಬಿಟ್ಟು, ಗ್ವಾಡಿಗೆ ಹಚ್ಚಿ.

ನಾಕೂವರಿಗೆ ಮುಗೀತು. ಲೈಟ್ ಬಿಲ್ ಬ್ಯಾರೆ.
ಕಾಗದದಾಗ ಹನ್ನೊಂದರ ಮ್ಯಾಲ ಗೆರಿ ಹೊಡದು ಐದು ಬರದೆ.
ಯಜಮಾನ್ತಿ, ಜ್ವಾಳ ಇವರೂರಿಂದ ಬಂದದ್ದಂತ, ಅಂದೆ.
ಮುದುಕಿ ನನ್ನ ಹುಚ್ಚನ್ನ ನೋಡಿದಂಗ ನೋಡಿದಳು.
"ಜ್ವಾಳ ಎಲ್ಲಿಂದರೆ ಬರತೈತೇನೋ ಖೋಡಿ?
ಅದು ಮೊದಲಿಂದ ಇಲ್ಲೇ ಐತಿ."

ಹದಿನೈದು ದಿನ ಬಿಟ್ಟು ಉಳಿದ ಕಮಿಷನ್ ಕೇಳಾಕ ಹೋದೆ.
ಒಲಿ ಮುಂದ ಇಬ್ಬರೂ ಬೈದಾಡತಿದ್ದರು,
ಆಕಿ ತನ್ನ ಮಾತಿನಾಗ, ಈಕಿ ನಮ್ಮ ಮಾತಿನಾಗ.
ಅಂಚು ಒಡದಿತ್ತು ರೊಟ್ಟಿಯದ್ದು, ಹೇಳಿದಂಗ.
ಅರ್ಧ ಮುರದು ನನ್ನ ಕೈಯಾಗ ಇಟ್ಟರು, ಮ್ಯಾಲ ಕೆಂಪು ಹಿಂಡಿ.
ತಿಂದೆ. ರೊಕ್ಕ ಕೇಳೂದು ಮರತೆ.
ಕುಂಡಿ ಕೆಳಗ ಕಲ್ಲು ತಂಪಿತ್ತು.
ಎಲ್ಲಿ ಕುಂತಿದ್ದೆ ಅನ್ನೂದು
ಮನಿಗೆ ಬಂದು ಚಪ್ಪಲಿ ಕಳಿಯೂಮುಂದ ನೆನಪಾತು.