ಸೀಟಿಗಿಂತ ಮೊದಲು

ಟೀವಿಯ ಕೆಳಗಿನ ಕರಿಡಬ್ಬಿ
ನಾಲ್ಕು ದಿನದಿಂದ ಟಿಕ್ ಟಿಕ್ ಅನ್ನುತ್ತಿದೆ,
ಒಳಗೆ ಯಾರೋ ಕೂತು ಉಗುರು ಕಚ್ಚಿದ ಹಾಗೆ.
ಒಂಬತ್ತು ವರ್ಷದ ಡಿಸ್ಕು.
ಅದರ ಹೊಟ್ಟೆಯಲ್ಲಿ ರಗ್ಬಿ, ಹಳಸಿದ ಹವಾಮಾನ,
ಅರ್ಧ ನೋಡಿ ಬಿಟ್ಟ ಅಡುಗೆ,
ಮತ್ತೆ ಕುರಿನಾಯಿಗಳ ಪಂದ್ಯದಲ್ಲಿ
ಲಾಕ್ಲನ್ ಬೇರ್ಡನ ಟಿಬ್
ಮೂರು ಕುರಿಗಳನ್ನು ಗುಡ್ಡದಿಂದ ಇಳಿಸಿ ತಂದ
ಹನ್ನೊಂದು ನಿಮಿಷ.

'ಅದೊಂದನ್ನು ಉಳಿಸಿಕೊಡು, ರೋನಾ' ಅಂದ.

ಮಟೌರಾದಲ್ಲಿ ಇಪ್ಪತ್ತಾರು ವರ್ಷ
ಶಾಲೆಯ ಬಸ್ಸು ಓಡಿಸಿದವಳು ನಾನು.
ಕೆಟ್ಟು ನಿಂತದ್ದಕ್ಕೆ ತಂತಿ ಬಿಗಿದು
ಮಕ್ಕಳನ್ನು ಮನೆ ಮುಟ್ಟಿಸಿ ಗೊತ್ತು.
ಲೈಬ್ರರಿಯವರು ಎಸೆಯಹೊರಟ ಲ್ಯಾಪ್‌ಟಾಪಿಗೆ
ಲಿನಕ್ಸ್ ತುಂಬಿ ಐದು ಚಳಿಗಾಲ ದಾಟಿಸಿದ್ದೇನೆ.

ಪೆನ್‌ಡ್ರೈವಿನ ಗಂಟಲು ಸಣ್ಣದು,
ನಾಲ್ಕು ಜೀಬಿಗಿಂತ ದೊಡ್ಡ ತುತ್ತು ಇಳಿಯದು.
ಡಬ್ಬಿಯೇ ಇಡೀ ಪಂದ್ಯವನ್ನು ಮೂರು ತುಂಡು ಮಾಡಿ ಕೊಟ್ಟಿತು.
ತುಂಡುಗಳನ್ನು ಸಾಲಾಗಿ ಕೂಡಿಸುವ ಆಜ್ಞೆಯ ಹೆಸರು
ಇಲ್ಲಿ, ಈ ಕರಿ ಕಿಟಕಿಯಲ್ಲಿ, 'ಕ್ಯಾಟ್'.
ನಾಯಿಯ ಓಟಕ್ಕೆ ಹೊಲಿಗೆ ಹಾಕಿದ್ದು ಬೆಕ್ಕು ಅಂತ
ಲಾಕ್ಲನ್‌ಗೆ ನಾನು ಹೇಳಿಲ್ಲ.

ಜಾಹೀರಾತು ಕತ್ತರಿಸಿದೆ: ಟ್ರ್ಯಾಕ್ಟರು, ಸೋಫಾ, ಮತ್ತೆ ಸೋಫಾ.
ಬೇಕೆಂದಲ್ಲಿ ಕತ್ತರಿ ಆಡುವುದಿಲ್ಲ.
ಹನ್ನೆರಡಕ್ಕೊಂದು ಮಾತ್ರ ಪೂರ್ತಿ ಚಿತ್ರ,
ನಡುವಿನವೆಲ್ಲ
'ಹಿಂದಿನಂತೆಯೇ, ಇಷ್ಟು ಬಿಟ್ಟು' ಎಂದು ಬರೆದಿಟ್ಟ ಚೀಟಿ.
ಹಾಗಾಗಿ ಮೊದಲಲ್ಲಿ ಅರ್ಧ ಸೆಕೆಂಡು
ಯಾರದೋ ಸೋಫಾದ ತೋಳು ಉಳಿದುಕೊಂಡಿತು.
ಇರಲಿ.

ಆಮೇಲೆ ಕಣ್ಣಿಗೆ ಬಿತ್ತು ದೋಷ.
ಟಿಬ್ ಮಲಗುತ್ತಾಳೆ,
ಹುಲ್ಲಿಗೆ ಹೊಟ್ಟೆ ಹಚ್ಚಿ, ಕುರಿಗಳ ಮೇಲೆ ನೆಟ್ಟ ನೋಟ.
ಆಮೇಲೆ ಸೀಟಿ.
ಎಲ್ಲೋ ಹೊಲಿಗೆಯಲ್ಲಿ ಎಳೆ ಜಾರಿದೆ, ಧ್ವನಿ ಹಿಂದೆ ಬಿದ್ದಿದೆ
ಅಂದುಕೊಂಡು
ನಾನ್ನೂರು ಮಿಲಿಸೆಕೆಂಡು ಎಳೆದು ತಂದೆ.
ಈಗ ಸೀಟಿ, ಆಮೇಲೆ ನಾಯಿ. ಅಚ್ಚುಕಟ್ಟು.
ಆದರೆ ಕೊನೆಗೆ ದೊಡ್ಡಿಯ ಗೇಟು ಹಾಕುವಾಗ
ಅಗುಳಿ ಬೀಳುವ ಮೊದಲೇ
ಠಣ್.

ಇದ್ದ ಹಾಗೇ ಇಟ್ಟೆ ಮತ್ತೆ.
ಅಗುಳಿ, ಠಣ್: ಒಂದೇ ಗಳಿಗೆ.
ತೀರ್ಪುಗಾರನ ಕೆಮ್ಮು, ಬಾಯಿಗೆ ಹೋದ ಕೈ: ಸರಿ.
ಮೈಕು ಲಾಕ್ಲನ್‌ನ ಅಂಗಿಗೇ ಸಿಕ್ಕಿಸಿತ್ತು, ಅದೂ ಸರಿ.
ರಾತ್ರಿ ಎರಡರವರೆಗೆ
ಒಂದೊಂದು ಚಿತ್ರವನ್ನೂ ಬೆರಳಲ್ಲಿ ನೂಕಿ ನೋಡಿದೆ.
ಎಲ್ಲ ಹೊತ್ತಿಗೆ ಸರಿಯಾಗಿದೆ,
ನಾಯಿ ಮಾತ್ರ ಬೇಗ.

ಬೆಳಿಗ್ಗೆ ಫೋನು ಮಾಡಿದೆ.
ಆ ಕಡೆ ಕೆಟಲು ಕುದಿಯುವ ಸದ್ದು,
ಮೇಜಿನ ಕೆಳಗೆ ಟಿಬ್‌ನ ಮುದಿ ಗೊರಕೆ.
'ಅವಳು ಕುರಿ ನೋಡುತ್ತಿರುತ್ತಾಳೆ' ಅಂದ,
'ನಾನೂ ಕುರಿ ನೋಡುತ್ತಿರುತ್ತೇನೆ.
ಇಬ್ಬರಿಗೂ ಒಂದೇ ಕಂಡಾಗ
ಬಾಯಿ ನಿಧಾನ, ಅಷ್ಟೆ.'

'ಮತ್ತೆ ಸೀಟಿ ಯಾಕಪ್ಪಾ ಊದುತ್ತೀ?'

ಕೆಟಲು ಇಳಿಸಿದ.
'ತೀರ್ಪುಗಾರರಿಗೆ.'

ಒಂದು ಎಳೆಯನ್ನೂ ಮತ್ತೆ ಮುಟ್ಟಲಿಲ್ಲ.
ಹೇಗಿತ್ತೋ ಹಾಗೇ ನಕಲು ಇಳಿಸಿ
ಎರಡು ಕಡೆ ಇಟ್ಟೆ,
ಸೋಫಾದ ತೋಳಿನ ಸಮೇತ.