ಚೆಂಡು ತರುವ ದೋಣಿ

ಫಾರೋ ದ್ವೀಪದ ನಮ್ಮ ಮೈದಾನಕ್ಕೆ
ಮೂರು ಕಡೆ ಸುಣ್ಣದ ಗೆರೆ,
ನಾಲ್ಕನೆಯದು ಕಡಲು.
ಗುರುವಾರ ಸಂಜೆ ಮೀನು ಕಾರ್ಖಾನೆಯ ಕೈಗಳು
ಎಷ್ಟು ತೊಳೆದರೂ ಹೋಗದ ವಾಸನೆಯಲ್ಲೇ
ಬೂಟಿನ ದಾರ ಬಿಗಿಯುತ್ತವೆ.

ಅಂಚೆಯ ತುಮ್ಮಸ್ ಎಡಬದಿಯ ಫಾರ್ವರ್ಡ್.
ಓಡುತ್ತಾನೆ, ಪಾಪ. ಚೆಂಡು ಬಲಕ್ಕೆ ಹೋಗಿರುತ್ತದೆ.
ಗೋಲಿನಲ್ಲಿ ಸೂಲಗಿತ್ತಿ ಮಾರ್ಯುನ್:
ಊರಿನ ಅರ್ಧ ಮಕ್ಕಳನ್ನು
ಜಾರದಂತೆ ಹಿಡಿದವಳು
ಇದೊಂದನ್ನು ಬಿಡುತ್ತಾಳೆ.

ಗಾಳಿಯೊಂದೇ ಚೆನ್ನಾಗಿ ಆಡುವುದು.
ನಾನು ಒದ್ದದ್ದು ಗೋಲಿಗೇ, ಆಣೆ;
ಅದು ಮುಗಿಲಿಗೊಂದು ಸಲಾಮು ಹೊಡೆದು
ಅಲೆಗಳ ಪಾಲಾಯಿತು.
ಹೊಗ್ನಿ ಬೈಯುತ್ತ ದೋಣಿ ಬಿಚ್ಚಿದ.
ಮಂಡಿ ಕೈಕೊಟ್ಟ ಮೇಲೆ
ತಂಡದಲ್ಲಿ ಅವನ ಜಾಗ ಅದು.

ಅವನು ಬರುವವರೆಗೆ ಎರಡೂ ಕಡೆಯವರು
ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡು
ಎಷ್ಟು ಗೋಲಾಯಿತೆಂದು ಜಗಳವಾಡಿದೆವು.
ಒಂಬತ್ತೋ, ಹತ್ತೋ. ಯಾರದೋ.

ಚೆಂಡು ಬಂತು, ಉಪ್ಪುನೀರು ಕುಡಿದು ಭಾರವಾಗಿ.
ಜೂನ್ ತಿಂಗಳು, ಕತ್ತಲೆಗೆ ಅವಸರವಿಲ್ಲ.
ಹೊಗ್ನಿ ಮಾತ್ರ ದೋಣಿ ಕಟ್ಟಲಿಲ್ಲ.
ಹುಟ್ಟನ್ನು ತೊಡೆಯ ಮೇಲಿಟ್ಟು
ನನ್ನ ಬಲಗಾಲನ್ನೇ ನೋಡುತ್ತ ಕೂತ.